ಆನ್ ಆರ್ಬರ್‌ನ ಆ ವಾಗ್ವಾದ

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲೇಜಿನ ಕಚೇರಿಯಲ್ಲಿ ಗಣಕದ ಮುಂದೆ ಕುಳಿತವರನ್ನು ಹೀಗೆ ಕೇಳಿ ನೋಡಿ: ‘ಗಣಿತದಲ್ಲಿ 90ಕ್ಕಿಂತ ಹೆಚ್ಚು ಅಂಕ ಪಡೆದವರು ಯಾರು ಯಾರು?’ ಒಂದೆರಡು ಕ್ಷಣಗಳಲ್ಲಿ ಪಟ್ಟಿ ಸಿದ್ಧ. ಗಣಕವನ್ನು ಇಷ್ಟು ನೇರವಾಗಿ ಕೇಳಬಹುದೇ ಎಂಬುದೇ ಒಂದು ಕಾಲಕ್ಕೆ ವಿದ್ವಾಂಸರ ನಡುವೆ ಜಗಳದ ವಿಷಯವಾಗಿತ್ತು.

1974ರ ಮೇ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ದತ್ತಾಂಶ ತಜ್ಞರ ಒಂದು ಕಮ್ಮಟ. ಒಂದು ಪಕ್ಷಕ್ಕೆ ಚಾರ್ಲ್ಸ್ ಬಾಕ್‌ಮನ್. ಹಿಂದಿನ ವರ್ಷವಷ್ಟೇ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅವರ ಪದ್ಧತಿಯಲ್ಲಿ ದಾಖಲೆಯಿಂದ ದಾಖಲೆಗೆ ಕೊಂಡಿಗಳಿರುತ್ತವೆ. ಪ್ರೋಗ್ರಾಮರ್ ಆದವನು ನಾವಿಕನಂತೆ ಆ ಕೊಂಡಿಗಳನ್ನು ಹಿಡಿದು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕು. ದಾರಿ ತಿಳಿಯದವನಿಗೆ ಉತ್ತರವಿಲ್ಲ.

ಇನ್ನೊಂದು ಪಕ್ಷಕ್ಕೆ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್, ಗಣಿತ ಓದಿದವರು. 1970ರಲ್ಲೇ ಅವರು ಬರೆದಿದ್ದರು: ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿಡಿ, ಏನು ಬೇಕೆಂದಷ್ಟೇ ಹೇಳಿ, ಹುಡುಕುವ ದಾರಿ ಯಂತ್ರದ ಪಾಡು. ಕೇಳಲು ಚೆನ್ನ, ಆದರೆ ಇದು ವೇಗವಾಗಿ ಓಡೀತೇ? ವಿರೋಧಿಗಳ ಅನುಮಾನ ಅಷ್ಟೇನೂ ಅನ್ಯಾಯದ್ದಲ್ಲ. ಅಂಥ ವ್ಯವಸ್ಥೆಯೊಂದು ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಕಾಡ್ ಬಳಸುತ್ತಿದ್ದ ತರ್ಕಗಣಿತದ ಚಿಹ್ನೆಗಳೂ ಸಾಮಾನ್ಯರಿಗೆ ಕಬ್ಬಿಣದ ಕಡಲೆ.

ಸ್ಟುಡಿಯೋದ ಚರ್ಚೆಗಳಲ್ಲಿ ನಾನು ಕಂಡಿದ್ದೇನೆ: ಕ್ಯಾಮೆರಾ ಗಟ್ಟಿ ದನಿಯವರ ಕಡೆಗೇ ತಿರುಗುತ್ತದೆ, ಮುಖ್ಯವಾದ ಮಾತು ಕೆಲವೊಮ್ಮೆ ಮೂಲೆಯ ಕುರ್ಚಿಯಿಂದ ಬರುತ್ತದೆ. ಇಲ್ಲಿಯೂ ಹಾಗೇ ಆಯಿತು. ಅದೇ ಕಮ್ಮಟದಲ್ಲಿ ಐಬಿಎಂನ ಇಬ್ಬರು ತರುಣರ ಪ್ರಬಂಧವೊಂದು ಮಂಡಿತವಾಯಿತು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದರ ಲೇಖಕರು. ಚೇಂಬರ್ಲಿನ್ ಮೊದಲು ಬಾಕ್‌ಮನ್ ಅವರ ದಾರಿಯನ್ನೇ ಮೆಚ್ಚಿದ್ದವರು; 1972ರಲ್ಲಿ ಒಂದು ಗೋಷ್ಠಿಯಲ್ಲಿ ಕುಳಿತು ಕಾಡ್ ಅವರ ಮಾತು ಕೇಳಿದ ಮೇಲೆ ಮನಸ್ಸು ಬದಲಾಯಿಸಿದ್ದರು. ಚಿಹ್ನೆಗಳ ಬದಲು ಸರಳ ಇಂಗ್ಲಿಷ್ ಪದಗಳಲ್ಲೇ ಪ್ರಶ್ನೆ ಕೇಳುವ ಭಾಷೆಯೊಂದನ್ನು ಇಬ್ಬರೂ ಕೂಡಿ ರೂಪಿಸಿದರು. ಹೆಸರು ‘ಸೀಕ್ವೆಲ್’. ಇಂದು ನೀವು ತರಗತಿಯಲ್ಲಿ ಕಲಿಯುವ ಎಸ್‌ಕ್ಯೂಎಲ್ ಅದೇ.

1979ರಲ್ಲಿ ಆ ಭಾಷೆಯನ್ನು ಬಳಸುವ ಒರಾಕಲ್ ಮಾರಾಟಕ್ಕೆ ಬಂತು. 1981ರ ಟ್ಯೂರಿಂಗ್ ಪ್ರಶಸ್ತಿ ಕಾಡ್ ಅವರ ಪಾಲಾಯಿತು. ಪೋಸ್ಟ್‌ಗ್ರೆಸ್ ಬಳಕೆದಾರರು ಸೇರುವ ಸಮ್ಮೇಳನಗಳು ಈಗ ನಮ್ಮ ಬೆಂಗಳೂರಿನಲ್ಲೂ ನಡೆದಿವೆ. ಅಲ್ಲಿನ ಪರದೆಗಳ ಮೇಲೆ ಮೂಡುವುದೂ ಆ ಇಬ್ಬರ ‘ಸೆಲೆಕ್ಟ್’, ‘ಫ್ರಮ್’, ‘ವೇರ್’ ಪದಗಳೇ.

ಬಾಯ್ಸ್ ಇದಾವುದನ್ನೂ ನೋಡಲಿಲ್ಲ. ಕಮ್ಮಟ ಮುಗಿದ ಮರುತಿಂಗಳೇ, 1974ರ ಜೂನ್‌ನಲ್ಲಿ, ಮೆದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡರು. ಅವರಿಗೆ 30 ತುಂಬಿರಲಿಲ್ಲ.