ಕಸಕ್ಕಾಗಿ ಓಡಿದ ರೈಲು

ಚೆಂಬೂರಿನ ರೈಲನ್ನು ನಮಗಿಂತ ಮೊದಲು ಹತ್ತಿದ್ದು ಮುಂಬಯಿಯ ಕಸ ಎಂದರೆ ಅಲ್ಲಿಯ ನಮ್ಮ ಬಂಧುಗಳು ಮುನಿಸಿಕೊಂಡಾರು. ನಡೆದದ್ದಂತೂ ಹಾಗೆಯೇ. 1906ರಲ್ಲಿ ಕುರ್ಲಾದಿಂದ ಹಾಕಿದ ಒಂಟಿ ಹಳಿಯ ಮೇಲೆ ಕಚರಾ ಗಾಡಿ ಓಡಾಡಿತು. ಪ್ರಯಾಣಿಕರ ಸರದಿ ಬಂದದ್ದು 1924ರಲ್ಲಿ. 1927ರಿಂದ ದೇವನಾರದಲ್ಲಿ ಕಸದ ಗುಡ್ಡ ಬೆಳೆಯತೊಡಗಿತು.

ಆ ಗುಡ್ಡಕ್ಕೆ ನಮ್ಮ ಹಿರಿಯರ ಕಾಣಿಕೆ ಅಲ್ಪ. ಚಾಳಿನ ಒಂದೇ ಕೋಣೆಯಲ್ಲಿ ಬಿಸಾಡುವುದಕ್ಕೆ ಇದ್ದುದಾದರೂ ಏನು? ಆರೆ ಹಾಲು ಗಾಜಿನ ಸೀಸೆಯಲ್ಲಿ ಬರುತ್ತಿತ್ತು. ಖಾಲಿ ಸೀಸೆ ಹಿಂದಿರುಗಿಸಿ ತುಂಬಿದ್ದನ್ನು ತರಬೇಕು. ಪತ್ರಿಕೆಗಳು ರದ್ದಿಯವನ ತಕ್ಕಡಿಗೆ. ಹರಿದ ಸೀರೆ ಊರಿಗೆ ಹೋಗಿ ಕೌದಿಯಾಗಿ ಮರಳುತ್ತಿತ್ತು. ತುಸು ಗಟ್ಟಿಯಾಗಿದ್ದರೆ ಬಾಗಿಲಿಗೆ ಬರುವ ಭಾಂಡೀವಾಲಿಯೊಡನೆ ಅರ್ಧ ಗಂಟೆ ಚೌಕಾಸಿ, ಕೊನೆಗೊಂದು ಸ್ಟೀಲ್ ಡಬರಿ! ಇದನ್ನು ಪರಿಸರಪ್ರೇಮವೆಂದು ನಾವು ಹೊಗಳಲಾರೆವು. ತಿಂಗಳ ಕೊನೆಯ ಲೆಕ್ಕಾಚಾರವದು.

ಪ್ಲಾಸ್ಟಿಕ್ ಚೀಲ ಬಂದಮೇಲೆ ಕೈಬೀಸಿಕೊಂಡು ಪೇಟೆಗೆ ಹೋಗುವ ಚಟ ಹತ್ತಿತು. 2005ರ ಜುಲೈ 26ರ ಮಹಾಪೂರದಲ್ಲಿ ಚರಂಡಿಗಳಿಗೆ ಅಡ್ಡ ಕಟ್ಟಿದ್ದ ಅದೇ ಚೀಲಗಳನ್ನು ಕಂಡೆವು. 2016ರ ಜನವರಿಯಲ್ಲಿ ದೇವನಾರ ದಿನಗಟ್ಟಲೆ ಉರಿಯಿತು, ಸುತ್ತಲಿನ ಶಾಲೆಗಳನ್ನು ಮುಚ್ಚಬೇಕಾಯಿತು. ನಾವು ಕಿಟಕಿ ಹಾಕಿಕೊಂಡು ಯಾರ್ಯಾರನ್ನೋ ಬೈದೆವು. ಉರಿದದ್ದರಲ್ಲಿ ನಮ್ಮ ಅಡಿಗೆಮನೆಯ ಬುಟ್ಟಿಯೂ ಇತ್ತು.

2018ರಲ್ಲಿ ಮಹಾರಾಷ್ಟ್ರ ಸರಕಾರ ಆ ಚೀಲವನ್ನು ನಿಷೇಧಿಸಿದಾಗ ಬಟ್ಟೆಯ ಚೀಲ ಮತ್ತೆ ಬಾಗಿಲ ಹಿಂದೆ ತೂಗಿತು. ಹೊಸದಾಗಿ ಕೊಂಡದ್ದಲ್ಲ, ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದ, ಊರಿನ ಜವಳಿ ಅಂಗಡಿಯ ಹೆಸರು ಅರ್ಧ ಅಳಿಸಿಹೋದ ಚೀಲ.