ಟೆಂಟಿನ ಕೆಳಗಿನ ಬೇರು

ಹೊಲದಲ್ಲಿ ಕಾಲುದಾರಿ ಬಿದ್ದ ಕಡೆ ಹುಲ್ಲು ಹುಟ್ಟುವುದಿಲ್ಲ. ಕಣ ಮಾಡುವಾಗ ನಾವೇ ಬೇಕೆಂದು ನೆಲ ತುಳಿಸಿ, ನೀರು ಚಿಮುಕಿಸಿ, ಸಗಣಿ ಸಾರಿಸಿ ಗಟ್ಟಿ ಮಾಡುತ್ತೇವೆ. ಆ ನೆಲಕ್ಕೆ ಮಳೆ ನೀರು ಇಳಿಯುವುದಿಲ್ಲ ಎಂದು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇದೇ ಮಾತು ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬ ಸಸ್ಯರೋಗ ವಿಜ್ಞಾನಿಯ ತಲೆ ಕೆಡಿಸಿತು. ಮಕ್ಕಳು ಮರಿ ಕಟ್ಟಿಕೊಂಡು ಕಾಡಿಗೆ ಹೋಗಿ ಟೆಂಟು ಹಾಕಿ ಮಲಗುವ ಅಲ್ಲಿನವರ ಪದ್ಧತಿಯ ರೂಪವೇ ಅದರಿಂದ ಬದಲಾಯಿತು.

ಟೆಂಟು ಅಂದರೆ ನಮಗೆ ನೆನಪಾಗುವುದು ನಾಟಕ ಕಂಪನಿ, ಟೂರಿಂಗ್ ಟಾಕೀಸು. ಅಲ್ಲಿನವರಿಗೆ ಅದು ಬೇಸಿಗೆ ರಜೆ. ಕ್ಯಾಲಿಫೋರ್ನಿಯಾ ರಾಜ್ಯದ ಕರಾವಳಿಯಲ್ಲಿ ರೆಡ್‌ವುಡ್ ಎಂಬ ಮರಗಳ ಕಾಡುಗಳಿವೆ. ಸಮುದ್ರದಿಂದ ಬರುವ ಮಂಜಿನ ಹನಿಯನ್ನೂ ಕುಡಿದು ಬೆಳೆಯುವ ಮರ ಇದು. 300 ಅಡಿ ದಾಟಿದವು ಎಷ್ಟೋ ಇವೆ. ನಮ್ಮ ತೆಂಗಿನ ಮರಗಳನ್ನು ನಾಲ್ಕೈದು ಒಂದರ ಮೇಲೊಂದು ನಿಲ್ಲಿಸಿದಂತೆ. ಕೆಲವಕ್ಕೆ 2000 ವರ್ಷ ದಾಟಿದೆ. ಮರಮುಟ್ಟಿಗಾಗಿ ಇವುಗಳನ್ನು ಕಡಿದು ಮುಗಿಸುತ್ತಿದ್ದಾಗ ಜನ ಎದ್ದು ಕೇಳಿದ್ದರಿಂದ 1902ರಲ್ಲಿ ಬಿಗ್ ಬೇಸಿನ್ ಎಂಬ ಕಾಡನ್ನು ರಾಜ್ಯವೇ ಉಳಿಸಿಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಈಗಿರುವ ರಾಜ್ಯ ಉದ್ಯಾನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಕೊಡಲಿಯಿಂದ ಮರ ಉಳಿಯಿತು. ಆಮೇಲೆ ಬಂದವರು ಅದನ್ನು ಪ್ರೀತಿಸುವವರು.

ಬಿಗ್ ಬೇಸಿನ್‌ನಲ್ಲಿ ಆಗ ಟೆಂಟು ಹಾಕಲು ರಾತ್ರಿಗೆ 50 ಸೆಂಟ್, ಅಂದರೆ ಅರ್ಧ ಡಾಲರ್. ಕೆಲವು ಸಂಸಾರಗಳು ಬೇಸಿಗೆ ಪೂರ್ತಿ ಅಲ್ಲೇ ಬಿಡಾರ ಹೂಡುತ್ತಿದ್ದವು. ಕಾಡಿನ ನಡುವೆಯೇ ಅಂಚೆ ಕಚೇರಿ, ಕ್ಷೌರದಂಗಡಿ, ಈಜುಕೊಳ, ಕುಣಿಯಲು ಹಲಗೆ ಹಾಸಿದ ಕಟ್ಟೆ ಎಲ್ಲ ಇತ್ತು. ಜಾತ್ರೆಯೇ ಅನ್ನಿ. 1920ರ ದಶಕದಲ್ಲಿ ಕಾರು ಸಾಧಾರಣ ಜನರ ಕೈಗೂ ಸಿಕ್ಕಿತು. ಬೇಕಾದ ಮರದ ಬುಡಕ್ಕೆ ಕಾರು ಹೊಡೆದುಕೊಂಡು ಹೋಗುವುದು, ಬೇಕಾದಲ್ಲಿ ಒಲೆ ಹೂಡುವುದು, ನಾಳೆ ಇನ್ನೊಂದು ಮರದ ಬುಡ.

ಕ್ಯಾಲಿಫೋರ್ನಿಯಾ ಸರ್ಕಾರಕ್ಕಾಗಿ ಈ ರೆಡ್‌ವುಡ್ ಕಾಡುಗಳನ್ನು ಪರೀಕ್ಷಿಸಿದವರು ಇ. ಪಿ. ಮೈನೆಕೆ. ಕೇಂದ್ರ ಕೃಷಿ ಇಲಾಖೆಯ ವಿಜ್ಞಾನಿ, ಮರದ ಕಾಯಿಲೆ ನೋಡುವವರು. ರೆಡ್‌ವುಡ್‌ಗೆ ತಾಯಿಬೇರು ಇಲ್ಲ. ಅಷ್ಟು ಎತ್ತರದ ಮರದ ಬೇರು ಸಾಮಾನ್ಯವಾಗಿ ಹತ್ತು ಹನ್ನೆರಡು ಅಡಿಗಿಂತ ಕೆಳಗೆ ಇಳಿಯುವುದಿಲ್ಲ, ಬದಲಿಗೆ ಅಡ್ಡಡ್ಡ 100 ಅಡಿಯವರೆಗೂ ಹರಡಿ ಪಕ್ಕದ ಮರದ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ನೀರು ಹೀರುವ ಎಳೆಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಇರುತ್ತವೆ. ಸಾವಿರಾರು ಕಾಲು, ನೂರಾರು ಚಕ್ರ ಅದರ ಮೇಲೆ ಓಡಾಡಿದರೆ ಮಣ್ಣು ಗಟ್ಟಿಯಾಗಿ ಗಾಳಿ, ನೀರು ಒಳಗೆ ಹೋಗುವುದಿಲ್ಲ. ಮರ ಒಂದೇ ದಿನಕ್ಕೆ ಸಾಯುವುದಿಲ್ಲವಾದ್ದರಿಂದ ತಪ್ಪು ಯಾರದೆಂದು ಯಾರಿಗೂ ಕಾಣುವುದಿಲ್ಲ.

ಟೆಂಟು ಹಾಕುವುದನ್ನೇ ನಿಲ್ಲಿಸಿ ಎನ್ನಬಹುದಿತ್ತು. ಮೈನೆಕೆ ಹಾಗೆ ಮಾಡಲಿಲ್ಲ, ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಅವರು ಹಿಡಿದದ್ದು ಮನುಷ್ಯರ ಸ್ವಭಾವವನ್ನು. ಒಲೆ ಎಲ್ಲಿದೆಯೋ ಅಡುಗೆ ಅಲ್ಲಿ. ಅಡುಗೆ ಎಲ್ಲಿದೆಯೋ ಮೇಜು ಅಲ್ಲಿ, ಟೆಂಟೂ ಅದರ ಹತ್ತಿರವೇ. ಆದ್ದರಿಂದ ಒಲೆಯನ್ನೂ ಮೇಜನ್ನೂ ಅಲುಗದಂತೆ ನೆಲಕ್ಕೆ ಕೂರಿಸಿ, ಉಳಿದದ್ದು ತಾನಾಗಿ ಅದರ ಸುತ್ತ ನಿಲ್ಲುತ್ತದೆ ಎಂದರು. ಕಾರಿಗೆ ಒಂದೇ ದಿಕ್ಕಿಗೆ ಸುತ್ತುವ ಕಿರಿದಾದ ರಸ್ತೆ. ಪ್ರತಿ ಬಿಡಾರಕ್ಕೂ ಆ ರಸ್ತೆಯಿಂದ ಓರೆಯಾಗಿ ಒಳಗೆ ಹೋಗುವ ಒಂದು ಗೇಣುದಾರಿ, ಕಾರು ಅಲ್ಲೇ ನಿಲ್ಲಬೇಕು. ಬೇರಿನ ಮೇಲೆ ಹತ್ತದಂತೆ ಅಡ್ಡಕ್ಕೆ ಬಂಡೆ, ದಿಮ್ಮಿ. ನಡುನಡುವೆ ಗಿಡಗಂಟಿ ಹಾಗೇ ಬಿಡಬೇಕು. 1932ರಲ್ಲಿ ಅಮೆರಿಕದ ಅರಣ್ಯ ಇಲಾಖೆಗೆ ಅವರು ಬರೆದುಕೊಟ್ಟ ಈ ಪದ್ಧತಿಯನ್ನು ಮರುವರ್ಷದಿಂದ ಊರೂರಲ್ಲಿ ಕಟ್ಟಿದವರು ಕೆಲಸವಿಲ್ಲದ ಹುಡುಗರು. ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ತೆರೆದ ಸಿವಿಲಿಯನ್ ಕನ್ಸರ್ವೇಶನ್ ಕಾರ್ಪ್ಸ್ ಎಂಬ ಪಡೆ ಅದು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಸುಮಾರು 25 ನೇರವಾಗಿ ಮನೆಗೆ ಹೋಗುತ್ತಿತ್ತು.

ಮೈನೆಕೆ ಯೋಚಿಸಿದ್ದು ಬೇರಿನ ಬಗ್ಗೆ. ಲಾಭವಾದದ್ದು ಮಕ್ಕಳಿಗೂ. ಕಾರು ನಿಧಾನವಾಗಿ ಒಂದೇ ಕಡೆಯಿಂದ ಬರುವ ಸುತ್ತು ರಸ್ತೆಯಲ್ಲಿ ಐದಾರು ವರ್ಷದ ಮಗು ಸೈಕಲ್ ಕಲಿಯಬಹುದು. ಬೆಂಕಿ ಎಲ್ಲಿರುತ್ತದೆಂದು ತಾಯಿಗೆ ಗೊತ್ತು. ಬಿಡಾರಕ್ಕೆ ನಂಬರು ಇದ್ದರೆ, ದಾರಿ ತಪ್ಪಿದ ಮಗುವಿಗೆ ಅದೇ ವಿಳಾಸ. ಇವತ್ತಿಗೂ ಆ ದೇಶದಲ್ಲಿ ಎಳೆಮಕ್ಕಳನ್ನು ಕರೆದುಕೊಂಡು ಟೆಂಟಿಗೆ ಹೋಗುವವರು ಮಲಗುವುದು ಬಹುಮಟ್ಟಿಗೆ ಇದೇ ನಕ್ಷೆಯ ಮೇಲೆ.

ಕಾಲಿನ ಲೆಕ್ಕ ಮುಗಿದರೂ ಕೈಯಿಂದ ಬೀಳುವ ಚೂರಿನ ಲೆಕ್ಕ ಬಾಕಿ ಇತ್ತು.

ಮಾರ್ಬಲ್ಡ್ ಮರ್‌ಲೆಟ್ ಎಂಬ ಪುಟ್ಟ ಕಡಲಹಕ್ಕಿ ಇದೆ. ಮೀನು ಹಿಡಿಯುವುದು ಸಮುದ್ರದಲ್ಲಿ, ಆದರೆ ಗೂಡು ಎಲ್ಲಿ ಎಂದು ಪಕ್ಷಿತಜ್ಞರು ಬಹಳ ಕಾಲ ಹುಡುಕಿದರೂ ಸಿಕ್ಕಿರಲಿಲ್ಲ. 1974ರಲ್ಲಿ ಅದೇ ಬಿಗ್ ಬೇಸಿನ್‌ನ ಟೆಂಟು ಜಾಗದಲ್ಲಿ, ಕೊಂಬೆ ಸವರಲು ಮರ ಹತ್ತಿದ ಕೆಲಸಗಾರನಿಗೆ ಸುಮಾರು 45 ಮೀಟರ್ ಎತ್ತರದಲ್ಲಿ ಪಾಚಿಯ ಮೇಲೆ ಕೂತ ಮರಿಯೊಂದು ಸಿಕ್ಕಿತು. ಕಾಲು ನೋಡಿದರೆ ಬಾತುಕೋಳಿಯಂತೆ ಜಾಲಪಾದ! ವಿದ್ವಾಂಸರು ಹುಡುಕಿದ ಗೂಡು ಮಕ್ಕಳು ಆಡುವ ಜಾಗದ ನೆತ್ತಿಯ ಮೇಲಿತ್ತು.

ಈ ಹಕ್ಕಿ ಗೂಡಿಗೆ ಇಡುವುದು ಒಂದೇ ಮೊಟ್ಟೆ. ಅದರ ಶತ್ರು ಸ್ಟೆಲರ್ಸ್ ಜೇ ಎಂಬ ನೀಲಿ ಹಕ್ಕಿ, ಕಾಗೆಯ ನೆಂಟ, ಕಾಗೆಯಷ್ಟೇ ಜಾಣ. ಮೇಜಿನಡಿ ಬಿದ್ದ ಬ್ರೆಡ್ಡು, ಚಿಪ್ಸು ತಿಂದು ಟೆಂಟು ಜಾಗಗಳಲ್ಲಿ ಜೇಗಳ ಸಂಖ್ಯೆ ಏರಿತು. ಹತ್ತಿರದಲ್ಲೇ ಮೊಟ್ಟೆ ಸಿಕ್ಕರೆ ಅವು ಬಿಡುವುದುಂಟೆ? 1992ರಲ್ಲಿ ಮರ್‌ಲೆಟ್ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿತು. ಮುಂದೆ ರೆಡ್‌ವುಡ್ ಉದ್ಯಾನಗಳಲ್ಲಿ ಹೊಸ ನಿಯಮ ಬಂತು: ಒಂದು ಚೂರೂ ನೆಲಕ್ಕೆ ಬೀಳಬಾರದು, ಬಿದ್ದರೆ ಹೆಕ್ಕಬೇಕು. ಎರಡು ವರ್ಷದ ಮಗುವಿಗೆ ಬಿಸ್ಕತ್ತು ತಿನ್ನಿಸಿದವರಿಗೆ ಈ ನಿಯಮದ ಕಷ್ಟ ಗೊತ್ತಿರುತ್ತದೆ.

2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಬಿಗ್ ಬೇಸಿನ್‌ನ ನೂರಕ್ಕೆ 97 ಭಾಗವನ್ನು ಸುಟ್ಟಿತು. ಆ ಕೂಲಿ ಹುಡುಗರ ಪಡೆ ಕಟ್ಟಿದ ಮುಖ್ಯ ಕಚೇರಿಯೂ ಬೂದಿಯಾಯಿತು. ಹಳೆಯ ರೆಡ್‌ವುಡ್‌ಗಳಲ್ಲಿ ಹೆಚ್ಚಿನವು ಸಾಯಲಿಲ್ಲ. ಕರಿ ಹಿಡಿದ ಕಾಂಡದಿಂದಲೇ ಚಿಗುರಿದವು. 2022ರ ಜುಲೈನಲ್ಲಿ ಉದ್ಯಾನ ಮತ್ತೆ ತೆರೆದಾಗ ಪ್ರವೇಶ ಹಗಲಿಗೆ ಮಾತ್ರ. ಹೊಸ ಯೋಜನೆಯಲ್ಲಿ ಕಟ್ಟಡಗಳೂ ಬಿಡಾರಗಳೂ ಹಳೆಯ ಮರಗಳ ನಡುವಿನಿಂದ ದೂರ ಸರಿಯುತ್ತವೆ. ಮೈನೆಕೆ ಹಾಕಿದ ಲೆಕ್ಕವನ್ನು ಕೊನೆಯವರೆಗೂ ಹಾಕಿದರೆ ಉತ್ತರ ಇದೇ ಬರುತ್ತದೆ, ಸರಿಯೂ ಇರಬಹುದು. ಆದರೂ ಅಜ್ಜಿ, ತಾಯಿ ಇಬ್ಬರೂ ಚಿಕ್ಕವರಿದ್ದಾಗ ಮಲಗಿದ್ದ ಆ ಮರದ ಬುಡ ಮೊಮ್ಮಗಳಿಗೆ ಇಲ್ಲ. ಸಂಜೆಯಾಗುವ ಹೊತ್ತಿಗೆ ಅವಳು ಕಾರು ಹತ್ತಬೇಕು, ಮರ್‌ಲೆಟ್ ಮೀನು ಕಚ್ಚಿಕೊಂಡು ಕಡಲಿಂದ ಬರುವುದು ಅದೇ ಹೊತ್ತಿಗೆ.