ಟೈಪ್-ಸುರಕ್ಷಿತ ಎಚ್‌ಟಿಟಿಪಿ ವಿನಂತಿ

ಟೈಪ್-ಸುರಕ್ಷಿತ ಎಚ್‌ಟಿಟಿಪಿ ವಿನಂತಿ ಎಂಬುದು ತಂತ್ರಾಂಶ ರಚನೆಯ ಒಂದು ವಿಧಾನ. ಆನ್ವಯಿಕ ತಂತ್ರಾಂಶವೊಂದು ಜಾಲದ ಎಪಿಐಗೆ ಕಳುಹಿಸುವ ವಿನಂತಿ ಹಾಗೂ ಅಲ್ಲಿಂದ ಪಡೆಯುವ ಉತ್ತರ, ಇವೆರಡರ ರಚನೆಯನ್ನೂ ಈ ವಿಧಾನದಲ್ಲಿ ಪ್ರೋಗ್ರಾಮಿಂಗ್ ಭಾಷೆಯ ಟೈಪ್‌ಗಳ ಮೂಲಕ ಮೊದಲೇ ನಿರೂಪಿಸಲಾಗುತ್ತದೆ. ಯಾವ ವಿಳಾಸಕ್ಕೆ ಯಾವ ಕ್ರಿಯಾಪದ ಸಲ್ಲುತ್ತದೆ, ಯಾವ ನಿಯತಾಂಕ ಕಡ್ಡಾಯ, ಉತ್ತರದ ಯಾವ ಅಂಶ ಸಂಖ್ಯೆ, ಯಾವುದು ಪಠ್ಯ, ಯಾವುದು ಇಲ್ಲದೆಯೂ ಇರಬಹುದು ಎಂಬ ಸಂಗತಿಗಳು ಆಗ ಕಂಪೈಲರ್‌ಗೆ ತಿಳಿದಿರುತ್ತವೆ. ತಪ್ಪು ಬಳಕೆ ಪ್ರೋಗ್ರಾಂ ಚಾಲನೆಗೊಳ್ಳುವ ಮೊದಲೇ ಪತ್ತೆಯಾಗುತ್ತದೆ. ಹೊರಗಿನಿಂದ ಬರುವ ಉತ್ತರವನ್ನು ಮಾತ್ರ ಚಾಲನೆಯ ವೇಳೆಯಲ್ಲಿಯೇ ಪರಿಶೀಲಿಸಬೇಕಾಗುತ್ತದೆ.

ಹಿನ್ನೆಲೆ

ಎಚ್‌ಟಿಟಿಪಿಯನ್ನು ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಲ್ಲಿ ರೂಪಿಸಿದರು. ಇದರ 1.0 ಆವೃತ್ತಿಯ ವಿವರಣೆ 1996ರಲ್ಲಿಯೂ 1.1 ಆವೃತ್ತಿಯ ವಿವರಣೆ 1997ರಲ್ಲಿಯೂ ಪ್ರಕಟವಾದವು. ಈ ನಿಯಮಾವಳಿಯ ದೃಷ್ಟಿಯಲ್ಲಿ ವಿನಂತಿಯ ಮತ್ತು ಉತ್ತರದ ಒಡಲು ಕೇವಲ ಬೈಟ್‌ಗಳ ಸಾಲು. ಅದರೊಳಗೆ ಬೆಲೆ ಇದೆಯೋ, ದಿನಾಂಕ ಇದೆಯೋ ಎಂಬುದನ್ನು ಎಚ್‌ಟಿಟಿಪಿ ತಿಳಿಯುವುದಿಲ್ಲ. ಆ ಅರ್ಥವನ್ನು ಎರಡೂ ಕಡೆಯ ಪ್ರೋಗ್ರಾಂಗಳು ತಾವೇ ಒಪ್ಪಿಕೊಂಡಿರಬೇಕು.

ಈ ಒಪ್ಪಂದವನ್ನು ಯಂತ್ರವೂ ಓದಬಲ್ಲ ರೂಪದಲ್ಲಿ ಬರೆದಿಡುವ ಪ್ರಯತ್ನಗಳು ಹಲವು. 2001ರ ಡಬ್ಲ್ಯೂಎಸ್‌ಡಿಎಲ್ 1.1, ಎಕ್ಸ್‌ಎಂಎಲ್ ಆಧಾರಿತ ಸೇವೆಗಳಿಗಾಗಿ ರೂಪುಗೊಂಡಿತು. ರಾಯ್ ಫೀಲ್ಡಿಂಗ್ ಅವರು 2000ದ ತಮ್ಮ ಸಂಶೋಧನಾ ಪ್ರಬಂಧದಲ್ಲಿ ವಿವರಿಸಿದ ರೆಸ್ಟ್ ಶೈಲಿಯೂ ಹಗುರವಾದ ಜೆಸಾನ್ ರೂಪವೂ ಜನಪ್ರಿಯವಾದಾಗ ಇಂತಹ ಔಪಚಾರಿಕ ವಿವರಣೆಗಳು ಬಹುಮಟ್ಟಿಗೆ ಹಿಂದೆ ಸರಿದವು. ಮುಂದೆ ಸ್ವಾಗರ್ ಮತ್ತು ಅದರಿಂದ ಬೆಳೆದ ಓಪನ್‌ಎಪಿಐ ಆ ಕೊರತೆಯನ್ನು ತುಂಬಿದವು. ಓಪನ್‌ಎಪಿಐ 3.0 ಆವೃತ್ತಿ 2017ರಲ್ಲಿ ಹೊರಬಂದಿತು. ಫೇಸ್‌ಬುಕ್ 2015ರಲ್ಲಿ ಬಿಡುಗಡೆ ಮಾಡಿದ ಗ್ರಾಫ್‌ಕ್ಯೂಎಲ್‌ನಲ್ಲಿ ಟೈಪ್‌ಗಳ ವಿವರಣೆ ಎಪಿಐಯ ಅವಿಭಾಜ್ಯ ಅಂಗವಾಗಿದೆ.

ವಿನಂತಿಯ ಸುರಕ್ಷತೆ

ಸಾಮಾನ್ಯ ವಿಧಾನದಲ್ಲಿ ಪ್ರೋಗ್ರಾಮರ್ ವಿಳಾಸವನ್ನು ಪಠ್ಯದ ತುಣುಕುಗಳಾಗಿ ಜೋಡಿಸುತ್ತಾನೆ. ಕನ್ನಡದಂತಹ ಭಾಷೆಗಳಲ್ಲಿ ಇದರ ಅಪಾಯ ಬೇಗನೆ ಕಾಣಿಸಿಕೊಳ್ಳುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಹೆಸರನ್ನು ತೆಗೆದುಕೊಂಡರೆ, ಓದುಗನ ಕಣ್ಣಿಗೆ ಅದು ನಾಲ್ಕು ಅಕ್ಷರಗಳ ಪದ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆ ಮತ್ತು ಅನುಸ್ವಾರಗಳು ಪ್ರತ್ಯೇಕವಾಗಿರುವುದರಿಂದ ಅದು 7 ಸಂಕೇತಬಿಂದುಗಳಾಗುತ್ತದೆ. ಯುಟಿಎಫ್-8ರಲ್ಲಿ ಪ್ರತಿಯೊಂದು ಬಿಂದುವಿಗೂ 3 ಬೈಟ್‌ಗಳಂತೆ ಒಟ್ಟು 21 ಬೈಟ್‌ಗಳು, ವಿಳಾಸದಲ್ಲಿ ಶೇಕಡಾ ಚಿಹ್ನೆಯೊಡನೆ ಬರೆದಾಗ 63 ಅಕ್ಷರಗಳು. ಈ ಪರಿವರ್ತನೆಯನ್ನು ಮರೆತರೆ ಕೋರಿಕೆ ವಿಫಲವಾಗಬಹುದು, ಎರಡು ಬಾರಿ ಮಾಡಿದರೆ ಬೇರೆಯೇ ಹೆಸರನ್ನು ಹುಡುಕಿದಂತಾಗುತ್ತದೆ. ಟೈಪ್-ಸುರಕ್ಷಿತ ಗ್ರಂಥಾಲಯಗಳಲ್ಲಿ ಕಚ್ಚಾ ಪಠ್ಯ ಮತ್ತು ಪರಿವರ್ತಿತ ವಿಳಾಸ ಇವೆರಡೂ ಬೇರೆ ಬೇರೆ ಟೈಪ್‌ಗಳಾಗಿರುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಲು ಕಂಪೈಲರ್ ಬಿಡುವುದಿಲ್ಲ.

ಹ್ಯಾಸ್ಕೆಲ್ ಭಾಷೆಯ 'ರೆಕ್' ಎಂಬ ಗ್ರಂಥಾಲಯ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ಗೆಟ್ ಕೋರಿಕೆಗೆ ಒಡಲನ್ನು ಸೇರಿಸಿದರೆ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಗೂಢಲಿಪಿಯಿಲ್ಲದ ಎಚ್‌ಟಿಟಿಪಿ ಮತ್ತು ಸುರಕ್ಷಿತವಾದ ಎಚ್‌ಟಿಟಿಪಿಎಸ್ ವಿಳಾಸಗಳ ಭೇದವೂ ಟೈಪ್‌ನಲ್ಲಿಯೇ ದಾಖಲಾಗಿರುತ್ತದೆ. ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಕಳುಹಿಸುವ ಸಾಮಾನ್ಯ ಆಯ್ಕೆ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಮಾತ್ರ ದೊರೆಯುತ್ತದೆ. ಹೀಗೆ ಗುಪ್ತಪದವು ಬಯಲಾಗಿ ಸಾಗುವ ತಪ್ಪಿಗೆ ಕಂಪೈಲರ್ ತಡೆಯೊಡ್ಡುತ್ತದೆ. ಜಾವಾ ಮತ್ತು ಕೋಟ್ಲಿನ್ ಭಾಷೆಗಳಲ್ಲಿ ಸ್ಕ್ವೇರ್ ಸಂಸ್ಥೆಯ ರೆಟ್ರೋಫಿಟ್ ಗ್ರಂಥಾಲಯ ಪ್ರಸಿದ್ಧವಾಗಿದ್ದು, ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಾಗಿದೆ.

ಉತ್ತರದ ಸುರಕ್ಷತೆ

ವಿನಂತಿಯನ್ನು ಬರೆಯುವವನು ಪ್ರೋಗ್ರಾಮರ್. ಉತ್ತರವನ್ನು ಬರೆಯುವುದಾದರೋ ದೂರದ ಸರ್ವರ್. ಆದುದರಿಂದ ಉತ್ತರದ ವಿಷಯದಲ್ಲಿ ಕಂಪೈಲರ್ ನೀಡುವ ಭರವಸೆಗೆ ಮಿತಿಯಿದೆ. 2012ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ ಈ ಮಿತಿ ಸ್ಪಷ್ಟವಾಗಿದೆ. ಅದರ ಟೈಪ್‌ಗಳು ಕಂಪೈಲ್ ಆದ ಬಳಿಕ ಅಳಿಸಿಹೋಗುತ್ತವೆ. ಬಂದ ಜೆಸಾನ್ ಉತ್ತರವನ್ನು ಇಂತಹ ಟೈಪ್ ಎಂದು ಪ್ರೋಗ್ರಾಮರ್ ಘೋಷಿಸಿದರೆ ಭಾಷೆ ಅದನ್ನು ನಂಬುತ್ತದೆ, ಪರೀಕ್ಷಿಸುವುದಿಲ್ಲ. ಆದ್ದರಿಂದ ಜಾಡ್ ಮುಂತಾದ ಗ್ರಂಥಾಲಯಗಳ ನೆರವಿನಿಂದ ಉತ್ತರವನ್ನು ಗಡಿಯಲ್ಲಿಯೇ ತಡೆದು ಪರಿಶೀಲಿಸಿ, ನಿರೀಕ್ಷಿತ ರಚನೆಗೆ ಹೊಂದಿದರೆ ಮಾತ್ರ ಒಳಗೆ ಬಿಡುವ ಕ್ರಮ ರೂಢಿಯಲ್ಲಿದೆ.

ಉದಾಹರಣೆ: ಕನ್ನಡ ವಿಕಿಪೀಡಿಯ

2003ರ ಜೂನ್ ತಿಂಗಳಿನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೀಡಿಯಾವಿಕಿ ತಂತ್ರಾಂಶದ ಮೇಲೆ ನಡೆಯುತ್ತದೆ. ಅದರ ಎಪಿಐ ಎಲ್ಲರಿಗೂ ಮುಕ್ತವಾಗಿದ್ದು ವಿದ್ಯಾರ್ಥಿಗಳ ಅಭ್ಯಾಸಕ್ಕೂ ಒದಗುತ್ತದೆ. 'ಭಂಡಿಗಡಿ' ಎಂಬ ಶೀರ್ಷಿಕೆಯ ಪುಟ ಇದೆಯೇ ಎಂದು ಒಂದು ಪ್ರೋಗ್ರಾಂ ಕೇಳುತ್ತದೆ ಎಂದು ಭಾವಿಸೋಣ.

ಎಪಿಐಯ ಹಳೆಯ ಜೆಸಾನ್ ರೂಪದಲ್ಲಿ ಪುಟಗಳು ಪಟ್ಟಿಯಾಗಿ ಬರುವುದಿಲ್ಲ, ಪುಟದ ಸಂಖ್ಯೆಯನ್ನೇ ಕೀಲಿಯಾಗಿ ಹೊಂದಿದ ವಸ್ತುವಾಗಿ ಬರುತ್ತವೆ. ಪುಟವಿಲ್ಲದಿದ್ದರೆ ಕೀಲಿ ಋಣ 1 ಆಗಿದ್ದು, 'ಇಲ್ಲ' ಎಂಬುದನ್ನು ಸೂಚಿಸುವ ಅಂಶದ ಮೌಲ್ಯವಾಗಿ ಖಾಲಿ ಪಠ್ಯ ಇರುತ್ತದೆ. ಜಾವಾಸ್ಕ್ರಿಪ್ಟ್ ಖಾಲಿ ಪಠ್ಯವನ್ನು 'ಸುಳ್ಳು' ಎಂದು ಪರಿಗಣಿಸುತ್ತದೆ. ಆ ಅಂಶ ಸತ್ಯವೇ ಎಂದಷ್ಟೇ ಪರೀಕ್ಷಿಸುವ ಪ್ರೋಗ್ರಾಂ, ಇಲ್ಲದ ಪುಟವನ್ನು ಇದೆ ಎಂದೇ ತಿಳಿಯುತ್ತದೆ. 2015ರಲ್ಲಿ ಬಂದ ಎರಡನೆಯ ರೂಪದಲ್ಲಿ ಪುಟಗಳು ಪಟ್ಟಿಯಾಗಿಯೂ ಇಂತಹ ಸೂಚನೆಗಳು ನಿಜವಾದ ಸತ್ಯ-ಅಸತ್ಯ ಮೌಲ್ಯಗಳಾಗಿಯೂ ಬರುತ್ತವೆ. ಯಾವ ರೂಪ ಬೇಕೆಂಬುದನ್ನು ಕೋರಿಕೆಯಲ್ಲಿಯೇ ತಿಳಿಸಬೇಕು. ಹೀಗಾಗಿ ವಿನಂತಿಯ ಒಂದು ನಿಯತಾಂಕ ಉತ್ತರದ ಟೈಪನ್ನು ನಿರ್ಧರಿಸುತ್ತದೆ.

ಇದೇ ಎಪಿಐ, ಕೋರಿಕೆ ತಪ್ಪಾಗಿದ್ದಾಗಲೂ ಸಾಮಾನ್ಯವಾಗಿ 200 ಎಂಬ ಯಶಸ್ಸಿನ ಸ್ಥಿತಿಸಂಖ್ಯೆಯೊಂದಿಗೆ ಉತ್ತರಿಸಿ, ದೋಷದ ವಿವರವನ್ನು ಒಡಲಿನಲ್ಲಿ ನೀಡುತ್ತದೆ. ಸ್ಥಿತಿಸಂಖ್ಯೆಯನ್ನಷ್ಟೇ ನೋಡುವುದು ಸಾಲದು. ಉತ್ತರವನ್ನು 'ಫಲಿತಾಂಶ ಅಥವಾ ದೋಷ' ಎಂಬ ಸಂಯುಕ್ತ ಟೈಪ್ ಆಗಿ ನಿರೂಪಿಸಿದರೆ, ದೋಷದ ಸಂದರ್ಭವನ್ನು ನಿರ್ವಹಿಸದೆ ಮುಂದುವರಿಯಲು ಕಂಪೈಲರ್ ಅವಕಾಶ ಕೊಡುವುದಿಲ್ಲ.

ಉದಾಹರಣೆ: ಅಡಿಕೆ ಧಾರಣೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಮುಖ್ಯ ಬೆಳೆಗಳಲ್ಲೊಂದು. ಕೃಷಿ ಮಾರುಕಟ್ಟೆಗಳ ದೈನಂದಿನ ಧಾರಣೆಯನ್ನು ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ಜಾಲತಾಣವು ಎಪಿಐ ಮೂಲಕವೂ ಒದಗಿಸುತ್ತದೆ. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಉತ್ಪನ್ನ, ತಳಿ, ಆವಕದ ದಿನಾಂಕ ಹಾಗೂ ಕನಿಷ್ಠ, ಗರಿಷ್ಠ ಮತ್ತು ಬಹುಮಾನ್ಯ ಬೆಲೆ ಇವು ಅದರ ಅಂಶಗಳು. ಬೆಲೆಯನ್ನು ಕ್ವಿಂಟಲ್‌ಗೆ ಇಂತಿಷ್ಟು ರೂಪಾಯಿ ಎಂದು ತಿಳಿಸಲಾಗುತ್ತದೆ. ಇಂತಹ ದತ್ತಾಂಶವನ್ನು ಬಳಸುವ ಆ್ಯಪ್ ಎಚ್ಚರ ವಹಿಸಬೇಕಾದ ಸ್ಥಳಗಳು ಹೀಗಿವೆ:

• ಸಂಖ್ಯೆ ಮತ್ತು ಪಠ್ಯ: ಬೆಲೆಯು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಬಂದರೆ ಹೋಲಿಕೆ ಅಕ್ಷರಕ್ರಮದಲ್ಲಿ ನಡೆಯುತ್ತದೆ. ಆಗ 9500 ಎಂಬುದು 48000ಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಪಠ್ಯರೂಪದ 48000ಕ್ಕೆ 500 ಕೂಡಿಸಿದರೆ 48500ರ ಬದಲು 48000500 ಬರುತ್ತದೆ.
• ದಿನಾಂಕ: ಜೆಸಾನ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಟೈಪ್ ಇಲ್ಲ. 05/06/2024 ಎಂಬುದನ್ನು ಭಾರತದ ರೂಢಿಯಂತೆ ಜೂನ್ 5 ಎಂದೂ ಅಮೆರಿಕದ ರೂಢಿಯಂತೆ ಮೇ 6 ಎಂದೂ ಓದಬಹುದು. ಹಳೆಯ ಧಾರಣೆ ಇಂದಿನ ಧಾರಣೆಯೆಂದು ತೋರಿದರೆ ನಷ್ಟವಾಗುವುದು ಮಾರಲು ಹೊರಟ ಬೆಳೆಗಾರನಿಗೆ.
• ಇಲ್ಲದ ಮೌಲ್ಯ: ಒಂದು ದಿನ ವ್ಯಾಪಾರ ನಡೆಯದಿದ್ದರೆ ದಾಖಲೆಯೇ ಇರುವುದಿಲ್ಲ. ಅದನ್ನು ಸೊನ್ನೆ ಎಂದು ತುಂಬಿದರೆ ಸರಾಸರಿ ಕುಸಿಯುತ್ತದೆ. ಮಳೆಮಾಪಕದ ವರದಿಗಳಿಗೂ ಇದು ಅನ್ವಯಿಸುತ್ತದೆ. ಮಳೆ ಬಾರದಿರುವುದು ಬೇರೆ, ವರದಿ ಬಾರದಿರುವುದು ಬೇರೆ. ಐಚ್ಛಿಕ ಟೈಪ್ ಈ ಭೇದವನ್ನು ಉಳಿಸುತ್ತದೆ.
• ಸ್ಥಳನಾಮ: ನರಸಿಂಹರಾಜಪುರವನ್ನು ಎನ್.ಆರ್. ಪುರ ಎಂದೂ ಬರೆಯುವ ರೂಢಿಯಿದೆ. ಹೆಸರನ್ನು ಬರಿಯ ಪಠ್ಯವಾಗಿ ಇರಿಸಿದರೆ ಒಂದೇ ಊರು ಎರಡಾಗುತ್ತದೆ. ಮಾನ್ಯ ಮೌಲ್ಯಗಳ ಸೀಮಿತ ಪಟ್ಟಿಯನ್ನು, ಅಥವಾ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ನಿರ್ದೇಶಿಕೆಯ ಸಂಕೇತಗಳನ್ನು ಬಳಸುವುದು ಇದಕ್ಕೆ ಪರಿಹಾರ.

ಸಂಖ್ಯೆಯಂತೆ ಕಾಣುವುದೆಲ್ಲವೂ ಸಂಖ್ಯೆಯಲ್ಲ ಎಂಬುದೂ ಗಮನಾರ್ಹ. ಕೊಪ್ಪದ ದೂರವಾಣಿ ಸಂಕೇತವಾದ 08265 ಅನ್ನು ಸಂಖ್ಯೆಯಾಗಿ ಉಳಿಸಿದರೆ ಮೊದಲ ಸೊನ್ನೆ ಕಳೆದುಹೋಗುತ್ತದೆ. ಅಂತೆಯೇ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯಾ ಟೈಪ್ 9007199254740991ಕ್ಕಿಂತ ದೊಡ್ಡ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿದಿಡುವ ಖಾತರಿ ನೀಡುವುದಿಲ್ಲ. ಈ ಕಾರಣದಿಂದಲೇ ಟ್ವಿಟರ್ ತನ್ನ ಎಪಿಐಯಲ್ಲಿ ಟ್ವೀಟ್‌ಗಳ ಗುರುತುಸಂಖ್ಯೆಯನ್ನು ಪಠ್ಯರೂಪದಲ್ಲಿಯೂ ನೀಡಲಾರಂಭಿಸಿತು.

ವಿಧಾನಗಳು

ಟೈಪ್‌ಗಳನ್ನು ಪಡೆಯಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು, ಎಪಿಐಯ ದಾಖಲೆಯನ್ನು ಓದಿ ಕೈಯಿಂದಲೇ ಬರೆಯುವುದು. ಸಣ್ಣ ಯೋಜನೆಗಳಿಗೆ ಇದು ಸಾಕಾಗುತ್ತದೆ. ಎರಡನೆಯದು, ಓಪನ್‌ಎಪಿಐ ಅಥವಾ ಗ್ರಾಫ್‌ಕ್ಯೂಎಲ್ ವಿವರಣೆಯಿಂದ ಸಂಕೇತವನ್ನು ಯಂತ್ರದ ಮೂಲಕ ಉತ್ಪಾದಿಸುವುದು. ಮೂರನೆಯದು, ಸರ್ವರ್ ಮತ್ತು ಕ್ಲೈಂಟ್ ಎರಡೂ ಒಂದೇ ಟೈಪ್ ವಿವರಣೆಯನ್ನು ಹಂಚಿಕೊಳ್ಳುವುದು. ಹ್ಯಾಸ್ಕೆಲ್‌ನ ಸರ್ವೆಂಟ್ ಮತ್ತು ಟೈಪ್‌ಸ್ಕ್ರಿಪ್ಟ್‌ನ ಟಿಆರ್‌ಪಿಸಿ ಈ ಮಾರ್ಗವನ್ನು ಅನುಸರಿಸುತ್ತವೆ. ಎರಡೂ ಕಡೆಯ ಪ್ರೋಗ್ರಾಂಗಳು ಒಂದೇ ತಂಡದ ಕೈಯಲ್ಲಿರುವಾಗ ಈ ಮೂರನೆಯ ಮಾರ್ಗ ಹೆಚ್ಚು ಅನುಕೂಲಕರ.

ಮಿತಿಗಳು

ಟೈಪ್‌ಗಳು ರಚನೆಯನ್ನು ಕಾಯುತ್ತವೆ, ಸತ್ಯವನ್ನಲ್ಲ. ಮಾರುಕಟ್ಟೆಯಲ್ಲಿ ಬೆಲೆಯನ್ನು ತಪ್ಪಾಗಿ ನಮೂದಿಸಿದ್ದರೆ ಆ ಸಂಖ್ಯೆ ಟೈಪ್ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಸಂಪರ್ಕ ಕಡಿತ, ಕಾಲಾವಧಿ ಮೀರುವಿಕೆ ಮುಂತಾದ ಅಡಚಣೆಗಳನ್ನು ಟೈಪ್‌ಗಳು ತಡೆಯಲಾರವು. ಅವು ಸಂಭವಿಸಬಹುದೆಂದು ನೆನಪಿಸಬಲ್ಲವು. ಸರ್ವರ್ ಮುನ್ಸೂಚನೆಯಿಲ್ಲದೆ ಬದಲಾದಾಗ ಹಳೆಯ ವಿವರಣೆಯಿಂದ ಉತ್ಪಾದಿಸಿದ ಟೈಪ್‌ಗಳು ಹುಸಿ ಭರವಸೆ ಕೊಡುತ್ತವೆ. ಪರಿಶೀಲನೆ ಅತಿ ಕಟ್ಟುನಿಟ್ಟಾಗಿದ್ದರೆ, ಸರ್ವರ್ ಹೊಸದೊಂದು ಅಂಶವನ್ನು ಸೇರಿಸಿದ ಮಾತ್ರಕ್ಕೆ ಆ್ಯಪ್ ಸ್ಥಗಿತಗೊಳ್ಳಬಹುದು. ಆದುದರಿಂದ ಅಪರಿಚಿತ ಅಂಶಗಳನ್ನು ಉಪೇಕ್ಷಿಸಿ, ಅಗತ್ಯ ಅಂಶಗಳನ್ನು ಮಾತ್ರ ಕಡ್ಡಾಯವಾಗಿ ಪರೀಕ್ಷಿಸುವುದು ವಾಡಿಕೆ. ಪರೀಕ್ಷೆಯಲ್ಲಿ ಸೋತ ಉತ್ತರವನ್ನು ಸದ್ದಿಲ್ಲದೆ ಕೈಬಿಡದೆ ದಾಖಲಿಸಿ, ಬಳಕೆದಾರನಿಗೆ ತಪ್ಪು ಸಂಖ್ಯೆಯ ಬದಲು 'ಮಾಹಿತಿ ಲಭ್ಯವಿಲ್ಲ' ಎಂದು ತೋರಿಸಲಾಗುತ್ತದೆ.